ವಿಂಗಡಣೆಯ ಅತ್ತಿಗೆ

ನನ್ನ ಅತ್ತಿಗೆ ಜನರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಬೆಳಿಗ್ಗೆ ಆರೂವರೆಗೆ ನಮ್ಮ ಕಟ್ಟಡದ ಹಿಂದಿನ ಅಂಗಳಕ್ಕೆ ಕಸದ ಗಾಡಿ ಬರುತ್ತದೆ. ಯಾರ ಕೈಯಲ್ಲಿ ಯಾವ ಬಣ್ಣದ ಚೀಲವಿದೆ, ಒಳಗೆ ಏನಿದೆ, ಮೇಲೆ ಮನೆಯ ಸಂಖ್ಯೆ ಬರೆದಿದೆಯೋ ಇಲ್ಲವೋ, ಇಷ್ಟು ನೋಡಿಯಾದ ಮೇಲೆ ಅವರು ತಲೆ ಎತ್ತುತ್ತಿದ್ದದ್ದು. ನಲವತ್ತೆರಡು ಮನೆಗಳಲ್ಲಿ ಅವರಿಗೆ ಹೆದರದವರು ಇಬ್ಬರೇ. ಒಬ್ಬರು ನಾಲ್ಕನೇ ಮಹಡಿಯ ಕಿವುಡ ತಾತ. ಇನ್ನೊಬ್ಬಳು ನಾನು. ನಿಜ ಹೇಳಬೇಕೆಂದರೆ ನಾನೂ ಹೆದರುತ್ತಿದ್ದೆ, ಆದರೆ ನಾದಿನಿಯಾಗಿ ಹುಟ್ಟಿದ ಮೇಲೆ ಅದನ್ನು ತೋರಿಸಿಕೊಳ್ಳುವುದುಂಟೆ?

ಅತ್ತಿಗೆ ಮೂವತ್ತೊಂದು ವರ್ಷ ಅಂಚೆ ಕಚೇರಿಯ ವಿಂಗಡಣೆ ವಿಭಾಗದಲ್ಲಿ ದುಡಿದವರು. ಗೋಡೆಯ ತುಂಬ ಮರದ ಗೂಡುಗಳು, ಗೂಡಿಗೊಂದು ಊರು, ಮುಂದೆ ಎತ್ತರದ ಸ್ಟೂಲು. ಎಡಗೈಯಲ್ಲಿ ಕಾಗದದ ಕಟ್ಟು, ಬಲಗೈ ಗೂಡಿನ ಕಡೆಗೆ. ಕಣ್ಣು ವಿಳಾಸದ ಕೊನೆಯ ಸಾಲನ್ನು ಮಾತ್ರ ಓದುತ್ತಿತ್ತಂತೆ. "ಹೆಸರು ಓದಿದ್ರೆ ಕೈ ನಿಂತುಹೋಗುತ್ತೆ. ಯಾರಿಗೆ ಅನ್ನೋದು ನಮಗ್ಯಾಕೆ, ಎಲ್ಲಿಗೆ ಅನ್ನೋದು ಗೊತ್ತಾದ್ರೆ ಸಾಕು" ಎನ್ನುತ್ತಿದ್ದರು. ಅಣ್ಣ ತೀರಿಕೊಂಡು ಹನ್ನೊಂದು ವರ್ಷ. ಅವನಿದ್ದಾಗ ನಾನು ಅಣ್ಣನ ಮನೆಯಲ್ಲಿದ್ದೆ, ಅವನು ಹೋದ ಮೇಲೆ ಅದೇ ಮನೆ ಅತ್ತಿಗೆಯ ಮನೆಯಾಯಿತು. ಎರಡು ಕೋಣೆ, ಒಂದು ಅಡುಗೆಮನೆ, ಮೂರನೇ ಮಹಡಿ. ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ. ಹೊಸ ಬಟ್ಟೆ ಹೊಲಿಯುವಷ್ಟು ಜಾಣೆ ನಾನಲ್ಲ. ಜಿಪ್ ಬದಲಾಯಿಸುವುದು, ಸೊಂಟ ಬಿಗಿ ಮಾಡುವುದು, ಪ್ಯಾಂಟಿನ ಅಂಚು ಮಡಿಸುವುದು, ಇಂಥವು. ಅತ್ತಿಗೆ ನಾದಿನಿ ಇಬ್ಬರೂ ದಿನಕ್ಕೆ ಎರಡು ಸಲ ಜಗಳವಾಡುತ್ತಿದ್ದೆವು. ಜಗಳವಿಲ್ಲದ ದಿನ ಇಬ್ಬರಲ್ಲಿ ಒಬ್ಬರಿಗೆ ಮೈ ಸರಿ ಇಲ್ಲ ಎಂದು ಅರ್ಥ.

ಐದು ವರ್ಷದ ಹಿಂದೆ ನಗರಸಭೆಯಿಂದ ಸುತ್ತೋಲೆ ಬಂತು. 'ಮನೆಗಳಲ್ಲಿಯೇ ಕಸ ವಿಂಗಡಣೆ ಕಡ್ಡಾಯ' ಎಂಬುದು ತಲೆಬರಹ. ಅತ್ತಿಗೆ ನಿವೃತ್ತರಾಗಿ ಆಗ ಎರಡು ವರ್ಷ. ಬೆಳಗಿನಿಂದ ಸಂಜೆಯವರೆಗೆ ನನ್ನ ತಪ್ಪು ಹುಡುಕುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ. 'ವಿಂಗಡಣೆ' ಎಂಬ ಪದದ ಮೇಲೆ ಬೆರಳಿಟ್ಟುಕೊಂಡು, ಬಹಳ ದಿನದ ಮೇಲೆ ತವರಿನಿಂದ ಕಾಗದ ಬಂದವರ ಹಾಗೆ ಕೂತುಬಿಟ್ಟರು. ಮಾರನೇ ದಿನವೇ ಕಟ್ಟಡದ ಸಂಘದ ಕಾರ್ಯದರ್ಶಿಯ ಬಾಗಿಲು ತಟ್ಟಿ, ಉಸ್ತುವಾರಿ ತಮಗೇ ಬೇಕೆಂದು ಕೇಳಿದರು. ಬೇರೆ ಯಾರಿಗೂ ಅದು ಬೇಕಾಗಿರಲಿಲ್ಲ, ಸುಲಭವಾಗಿ ಸಿಕ್ಕಿತು.

ನಿಯಮ ಓದಲು ಎರಡು ಪುಟ, ಪಾಲಿಸಲು ಇಡೀ ದಿನ. ಹಸಿ ಕಸಕ್ಕೆ ಹಸಿರು ಚೀಲ, ದಿನಾ. ಒಣ ಕಸಕ್ಕೆ ನೀಲಿ ಚೀಲ, ವಾರಕ್ಕೆ ಎರಡು ದಿನ. ಔಷಧಿ, ಬ್ಲೇಡು, ಡೈಪರು, ಒಡೆದ ಗಾಜಿಗೆ ಕೆಂಪು, ಅದು ಶನಿವಾರ ಮಾತ್ರ. ಚೀಲಗಳು ಒಳಗಿನದೆಲ್ಲ ಕಾಣುವಷ್ಟು ತೆಳ್ಳಗಿರಬೇಕು. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿರಬೇಕು. ತಪ್ಪಿದರೆ ಚೀಲಕ್ಕೆ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಾರೆ. ಮೂರು ಚೀಟಿಯಾದರೆ ಒಂದು ತಿಂಗಳು ಆ ಮನೆಯ ಕಸವನ್ನು ಗಾಡಿ ಒಯ್ಯುವುದಿಲ್ಲ. ಊರಾಚೆಯ ಕೇಂದ್ರಕ್ಕೆ ಮನೆಯವರೇ ಹೊತ್ತುಕೊಂಡು ಹೋಗಬೇಕು.

ಮೊದಲ ದಿನವೇ ನಮ್ಮಿಬ್ಬರಿಗೂ ಜಗಳ ಹತ್ತಿತು. ಮಿಕ್ಕ ಅನ್ನವನ್ನು ನಾನು ನೀಲಿ ಬುಟ್ಟಿಗೆ ಹಾಕಿದ್ದೆ.

"ಇದು ಹಸಿ ಕಸ" ಎಂದರು ಅತ್ತಿಗೆ.

"ಬೆಂದಿರೋ ಅನ್ನ ಹಸಿ ಹೇಗಾಗುತ್ತೆ ಅತ್ತಿಗೆ?"

"ಒಣಗಿದೆಯಾ?"

"ಇಲ್ಲ."

"ಹಾಗಾದ್ರೆ ಹಸಿ."

"ಸರಿ, ನಾಳೆ ಬಿಸಿಲಲ್ಲಿಡ್ತೀನಿ, ಒಣ ಆಗುತ್ತೆ."

ಅವರು ನಗಲಿಲ್ಲ. ವಿಂಗಡಣೆಯ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ನನ್ನ ಹೊಲಿಗೆಯ ಚಿಂದಿಯನ್ನು ಕೂಡ ಹತ್ತಿಯದು ಬೇರೆ, ನೈಲಾನಿನದು ಬೇರೆ ಮಾಡಿಸಿದರು. ಮುರಿದ ಸೂಜಿಗಳಿಗೆಂದು ಒಂದು ಡಬ್ಬಿ ಕೊಟ್ಟರು. ಮೂರು ಬುಟ್ಟಿ ಇಟ್ಟ ಮೇಲೆ ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಲ್ಲುವಷ್ಟು ಜಾಗ ಉಳಿಯಲಿಲ್ಲ.

ನಮ್ಮದಾದರೋ ಇಬ್ಬರೇ ಇರುವ ಮನೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವವರು ಮೂರು ಬುಟ್ಟಿ ಎಲ್ಲಿಡಬೇಕು? ರಾತ್ರಿ ಪಾಳಿ ಮುಗಿಸಿ ಏಳೂವರೆಗೆ ಮನೆ ಸೇರುವ ನರ್ಸಮ್ಮ ಆರೂವರೆಯ ಗಾಡಿಗೆ ಕಸ ಹೇಗೆ ಕೊಡಬೇಕು? ಮೊದಲ ಮಹಡಿಯಲ್ಲಿ ಒಬ್ಬ ಬಡಗಿ ಇದ್ದಾನೆ, ಹಾಸಿಗೆ ಹಿಡಿದ ತಂದೆಯನ್ನು ಒಬ್ಬನೇ ನೋಡಿಕೊಳ್ಳುತ್ತಾನೆ. ತಂದೆಯ ಡೈಪರುಗಳನ್ನು ಶನಿವಾರದವರೆಗೆ ಆ ಪುಟ್ಟ ಮನೆಯಲ್ಲಿ ಇಟ್ಟುಕೊಳ್ಳಲಾರದೆ, ಒಂದು ಬುಧವಾರ ಹಸಿರು ಚೀಲದ ತಳದಲ್ಲಿ ಅಡಗಿಸಿ ತಂದಿದ್ದ. ಅತ್ತಿಗೆ ಎಲ್ಲರೆದುರು ಚೀಲ ಬಿಚ್ಚಿಸಿ, ಚೀಟಿ ಅಂಟಿಸಿ, ಅವನ ಬಾಗಿಲವರೆಗೂ ಹೋಗಿ ನಿಯಮ ಓದಿ ಹೇಳಿ ಬಂದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡನಂತೆ. ಆ ದಿನ ನಾನು ಅವರಿಗೆ ಊಟ ಬಡಿಸಲಿಲ್ಲ.

"ಇದೇನು ಕಾಗದಾನಾ ಅತ್ತಿಗೆ? ಮನುಷ್ಯರ ಕಷ್ಟ ಕಣ್ರೀ."

"ತಪ್ಪು ಗೂಡಿಗೆ ಹೋದದ್ದು ಎಲ್ಲಿಗೂ ಮುಟ್ಟಲ್ಲ" ಎಂದು ತಾವೇ ತಟ್ಟೆ ಹಾಕಿಕೊಂಡು ಉಂಡರು.

ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅವರು ದೇವರಂಥವರು ಎಂದು ಹೇಳಲು ನಾನು ಕೂತಿಲ್ಲ.

ಕಳೆದ ಬೇಸಗೆಯಲ್ಲಿ ಒಂದು ದಿನ ನೀಲಿ ಬುಟ್ಟಿಯಲ್ಲಿ ಸೇಬಿನ ಸಿಪ್ಪೆ ಕಂಡಿತು. ನನ್ನನ್ನು ಪರೀಕ್ಷೆ ಮಾಡಲು ಹಾಕಿದ್ದಾರೆ ಎಂದುಕೊಂಡು, ತುಟಿ ಪಿಟಕ್ಕೆನ್ನದೆ ತೆಗೆದು ಹಸಿರಿಗೆ ಹಾಕಿದೆ. ಆಮೇಲೆ ಕೆಂಪು ಬುಟ್ಟಿಯಲ್ಲಿ ಬಿಸ್ಕತ್ತಿನ ಹೊದಿಕೆ, ನೀಲಿಯಲ್ಲಿ ಮಾತ್ರೆಯ ಖಾಲಿ ಹಾಳೆ. ಇನ್ನೊಂದು ದಿನ ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ನನ್ನ ಮೇಲೆ ರೇಗಿದರು. ಡಬ್ಬಿ ಅವರ ಕೈಯಲ್ಲೇ ಇತ್ತು.

ಡಾಕ್ಟರು ಗಡಿಯಾರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು, ತಲೆಯ ಚಿತ್ರ ತೆಗೆಸಿದರು. ಮರೆವಿನ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ ಎಂದು ನಮ್ಮಿಬ್ಬರಿಗೂ ಒಟ್ಟಿಗೇ ಹೇಳಿದರು. ಅತ್ತಿಗೆ ಎಲ್ಲ ಕೇಳಿಸಿಕೊಂಡು, "ನೀವು ಬಳಸಿದ ಸೂಜಿ ಯಾವ ಡಬ್ಬಿಗೆ ಹಾಕ್ತೀರಿ?" ಎಂದರು. ಡಾಕ್ಟರು ನಕ್ಕರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವರು ನನ್ನ ತೋಳು ಹಿಡಿದುಕೊಂಡು, "ಉಸ್ತುವಾರಿ ನನ್ನ ಕೈಲಿರೋವರೆಗೆ ನನಗೇನೂ ಆಗಲ್ಲ, ನೋಡ್ತಿರು" ಎಂದರು.

ಅಂದಿನಿಂದ ಅದನ್ನು ಅವರ ಕೈಯಲ್ಲಿ ಉಳಿಸುವುದೇ ನನ್ನ ಕೆಲಸವಾಯಿತು. ಊಟವಾದ ಮೇಲೆ ಅವರಿಗೆ ಒಂದು ಗಂಟೆ ನಿದ್ದೆ. ಆ ಹೊತ್ತಿನಲ್ಲಿ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ, ಮೂರೂ ಬುಟ್ಟಿ ಸುರಿದು, ಮತ್ತೆ ಆರಿಸಿ ತುಂಬಿಡುತ್ತಿದ್ದೆ. ಐದು ವರ್ಷ ಬೈಸಿಕೊಂಡರೂ ತಲೆಗೆ ಹತ್ತದ್ದು ಒಂದೇ ವಾರದಲ್ಲಿ ಹತ್ತಿತು. ಕೆಳಗೆ ಗಾಡಿಯಮ್ಮ ನನ್ನ ಕಡೆಗಿದ್ದಳು. ಗಾಡಿ ಎಳೆಯುವ ಆ ಹೆಂಗಸಿಗೆ ಕೆಲಸ ಕಲಿಸಿದ್ದೇ ಅತ್ತಿಗೆ. ಅವರು ಸರಿಯಾಗಿದ್ದ ಚೀಲಕ್ಕೆ ಚೀಟಿ ಅಂಟಿಸಿದರೆ, ಅವರು ಅತ್ತ ತಿರುಗಿದ ಮೇಲೆ ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕಸ ಆರಿಸುತ್ತಿದ್ದ ನನ್ನ ಕೈ ತಾನಾಗಿ ನಿಂತಿತು. ಕೆಂಪು ಬುಟ್ಟಿಯಿಂದ ಬಿದ್ದದ್ದು ಬಿಸ್ಕತ್ತಿನ ಹೊದಿಕೆ, ಸೋಪಿನ ಡಬ್ಬ, ಚಹಾ ಪುಡಿಯ ಪೊಟ್ಟಣ. ಮೂರರ ಮೇಲೂ ಸಣ್ಣ ಅಕ್ಷರದಲ್ಲಿ ಕಾರ್ಖಾನೆಯ ವಿಳಾಸ, ಮೂರೂ ಬಂದರಿನ ಕಡೆಯ ಊರುಗಳು. ನೀಲಿಯಲ್ಲಿ ಹಾಲಿನ ಪ್ಯಾಕೆಟ್ಟು, ಮಾತ್ರೆಯ ಹಾಳೆ, ಊರಿನ ಹೆಸರಿನ ಸ್ಟಿಕ್ಕರು ಅಂಟಿದ ಸೇಬಿನ ಸಿಪ್ಪೆ. ಎಲ್ಲ ಉತ್ತರದ ರೈಲು ಹೋಗುವ ಊರುಗಳು. ಹಸಿರಿನಲ್ಲಿ ತರಕಾರಿಯ ತೊಟ್ಟು, ಬಾಚಣಿಗೆಯ ಕೂದಲು, ದಾರ, ಒಡೆದ ಗುಂಡಿ, ಒಟ್ಟಿನಲ್ಲಿ ವಿಳಾಸವಿಲ್ಲದ್ದೆಲ್ಲ. ನಾನು ಕಲಬೆರಕೆ ಎಂದುಕೊಂಡದ್ದು ಕಲಬೆರಕೆಯಾಗಿರಲಿಲ್ಲ. ಅತ್ತಿಗೆ ಟಪಾಲು ವಿಂಗಡಿಸುತ್ತಿದ್ದರು, ಒಂದೂ ತಪ್ಪಿಲ್ಲದೆ. ಆ ಕಸದ ನಡುವೆ ಕೂತು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು, ಅವರು ಸರಿಯಾಗಿ ಮಾಡಿಟ್ಟದ್ದನ್ನೆಲ್ಲ ಕೆಡಿಸಿ ನಿಯಮದಂತೆ ತುಂಬಿಟ್ಟೆ.

ಇಂಥದ್ದು ಎಷ್ಟು ದಿನ ನಡೆದೀತು? ನಾನು ಏಳುವ ಮೊದಲೇ ಎದ್ದು ಅವರು ಒಂದೆರಡನ್ನು ಮತ್ತೆ ಬದಲಾಯಿಸುತ್ತಿದ್ದರು. ನಗರಸಭೆಯ ತಪಾಸಣೆಯವರು ಹೇಳದೆ ಕೇಳದೆ ಬಂದ ಎರಡು ದಿನವೂ ನಮ್ಮ ಚೀಲವೇ ಸಿಕ್ಕಿಬಿತ್ತು. ಅತ್ತಿಗೆಗೆ ಗೊತ್ತಾಗದ ಹಾಗೆ ಎರಡೂ ಚೀಟಿಗಳನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಕಾರ್ಯದರ್ಶಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು.

"ಊರಿಗೆಲ್ಲ ಹೇಳೋ ಮನೆಯಿಂದಲೇ ಎರಡು ಚೀಟಿ. ಜನ ಬಾಯಿಗೆ ಬಂದ ಹಾಗೆ ಮಾತಾಡ್ತಿದ್ದಾರೆ ಅಕ್ಕ. ಇನ್ನೊಂದಾದ್ರೆ ಪುಸ್ತಕ ಬೇರೆಯವರಿಗೆ ಕೊಡಲೇಬೇಕಾಗುತ್ತೆ." ಪುಸ್ತಕ ಎಂದರೆ ಯಾವ ಮನೆಗೆ ಯಾವತ್ತು ಚೀಟಿ ಬಿತ್ತು ಎಂದು ಅತ್ತಿಗೆ ಬರೆದಿಡುವ ಪುಸ್ತಕ. ತಪಾಸಣೆಯವರು ಹಾಕಿದ ಚೀಟಿಯನ್ನು ಅವರೇ ಮನೆಯ ಸಂಖ್ಯೆಯ ಮುಂದೆ ಅದರಲ್ಲಿ ಬರೆದು ಹೋಗುತ್ತಿದ್ದರು.

"ಗಾಡಿ ಬೇಕಾದ್ರೆ ನಿಲ್ಲಿಸಿ, ಕಸ ನಾನು ಹೊತ್ತುಕೊಂಡು ಹೋಗ್ತೀನಿ. ಪುಸ್ತಕ ಮಾತ್ರ ಅವರ ಕೈಯಿಂದ ತಗೋಬೇಡಿ. ನಿಮ್ಮ ದಮ್ಮಯ್ಯ" ಎಂದೆ.

ಜೀವಮಾನದಲ್ಲಿ ಯಾರ ಮುಂದೆಯೂ ಹಾಗೆ ಬೇಡಿದವಳಲ್ಲ ನಾನು. ಅವರು ಕೆಟ್ಟವರೇನಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹುಷಾರಾಗಿರಿ, ಅಷ್ಟೇ" ಎಂದು ಹೋದರು.

ಹುಷಾರಾಗಿರುವುದು ಹೇಗೆ, ಜ್ವರ ಬಂದು ನಾನೇ ಎರಡು ದಿನ ನೆಲಕಚ್ಚಿದೆ. ಯಂತ್ರದ ಮುಂದೆ ಕೂರುವುದಿರಲಿ, ಬುಟ್ಟಿಗಳ ಕಡೆ ತಿರುಗಿ ನೋಡಲೂ ಶಕ್ತಿಯಿರಲಿಲ್ಲ. ಅತ್ತಿಗೆ ಗಂಜಿ ಮಾಡಿ ಕೊಟ್ಟರು, ಹಣೆಗೆ ಒದ್ದೆ ಬಟ್ಟೆ ಹಾಕಿದರು. "ಎರಡು ದಿನ ಬಾಯಿ ಮುಚ್ಕೊಂಡಿದೀಯ, ಮನೆ ತಣ್ಣಗಿದೆ ನೋಡು" ಎಂದು ಹಂಗಿಸಿದರು ಕೂಡ. ಎಷ್ಟು ಸರಿಯಾಗಿದ್ದಾರೆ ಎಂದುಕೊಂಡು ನನಗೆ ಒಳಗೊಳಗೇ ಖುಷಿಯಾಯಿತು. ಮೂರನೇ ದಿನ ಬೆಳಿಗ್ಗೆ ಎಚ್ಚರವಾದಾಗ ಅಡುಗೆಮನೆಯ ಹಸಿರು ಬುಟ್ಟಿ ಖಾಲಿ, ಅತ್ತಿಗೆ ಮನೆಯಲ್ಲಿಲ್ಲ.

ಗೋಡೆ ಹಿಡಿದುಕೊಂಡು ಕಿಟಕಿಗೆ ಹೋದೆ. ಕೆಳಗೆ ಚೀಲಗಳು ಸಾಲಾಗಿದ್ದವು. ಅತ್ತಿಗೆ ಒಂದೊಂದನ್ನೇ ಬಗ್ಗಿ ನೋಡುತ್ತಾ ಬಂದು ಒಂದರ ಮುಂದೆ ನಿಂತರು. ನಮ್ಮದೇ. ಗಾಡಿಯಮ್ಮ ಓಡಿಬಂದು ಅದನ್ನು ಎತ್ತಿಕೊಳ್ಳಲು ಹೋದಳು. "ಬಿಡಮ್ಮಾ, ಇದನ್ನ ನಾನು ನೋಡ್ಕೋತೀನಿ" ಎಂದು ಅವಳು ಅಂದದ್ದು ಮೇಲಿನವರೆಗೂ ಕೇಳಿಸಿತು. ಅತ್ತಿಗೆ ಅವಳ ಕೈ ಸರಿಸಿ, ಚೀಲ ಬಿಚ್ಚಿ, ಒಳಗಿದ್ದ ಗುಂಡಿ ದಾರಗಳನ್ನು ಬೆರಳಿನಿಂದ ಕೆದಕಿ ತಲೆಯಾಡಿಸಿದರು. ಚೀಟಿ ಅಂಟಿಸಿದರು. ಪುಸ್ತಕ ತೆಗೆದು ನಿಧಾನವಾಗಿ ಬರೆದುಕೊಂಡರು. ಸುತ್ತ ನಿಂತವರ ನಡುವೆ ಆ ಬಡಗಿ ಮುಖ ಬೇರೆ ಕಡೆ ತಿರುಗಿಸಿಕೊಂಡ. ಅತ್ತಿಗೆ ಚೀಲದ ಮೇಲಿನ ಸಂಖ್ಯೆಯನ್ನು ಇನ್ನೊಮ್ಮೆ ಓದಿ, ಅದನ್ನು ಎತ್ತಿಕೊಂಡು ಮೆಟ್ಟಿಲ ಕಡೆ ನಡೆದರು.

ಮೂರು ಮಹಡಿ ಹತ್ತುವಷ್ಟು ಹೊತ್ತು ನಾನು ಬಾಗಿಲ ಹಿಂದೆ ನಿಂತಿದ್ದೆ. ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ಆದರೂ ಬಾಗಿಲು ತಟ್ಟಿದ ಸದ್ದು ಕೇಳಿಸಿತು. ತೆರೆದೆ.

"ಮೂವತ್ತನಾಲ್ಕನೇ ಮನೆ ಇದೇ ತಾನೇ? ಈ ಚೀಲ ನಿಮ್ಮದಾ?"

ನಾನು ಈ ಮನೆಯಲ್ಲಿ ಅವರ ಜೊತೆ ಇರುವುದು ಮೂವತ್ತೆಂಟು ವರ್ಷ. ಅತ್ತಿಗೆ ನನ್ನನ್ನು 'ನೀನು' ಬಿಟ್ಟು ಬೇರೆ ರೀತಿ ಕರೆದವರಲ್ಲ, ಬೈಯುವಾಗ 'ಏ ಇವಳೇ'.

"ನನ್ನದೇ. ತಪ್ಪಾಯ್ತು" ಎಂದೆ. ಈ ಮಾತು ನಾನೂ ಅವರಿಗೆ ಯಾವತ್ತೂ ಹೇಳಿದವಳಲ್ಲ.

"ಗುಂಡಿ ಹಸಿ ಕಸಾನಾ? ದಾರ ಹಸಿ ಕಸಾನಾ? ಪುಸ್ತಕ ನೋಡಿದ್ರೆ ಇದು ಮೂರನೇ ಸಲ. ಮನೇಲಿ ಹೇಳಿಕೊಡೋರು ಯಾರೂ ಇಲ್ವಾ ನಿಮಗೆ?"

ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ನನ್ನ ಹೆಗಲ ಮೇಲಿಂದ ಒಳಗೆ ಕೆದರಿದ್ದ ಹಾಸಿಗೆ ನೋಡಿದರು. ದನಿ ತಗ್ಗಿತು.

"ಮೈಗೆ ಹುಷಾರಿಲ್ವಾ? ಪಾಪ, ಒಬ್ಬರೇ ಇರೋದಾ ನೀವು?"

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೌದು ಎನ್ನಲು ನನ್ನಿಂದಾಗಲಿಲ್ಲ.

"ಇಲ್ಲ, ಅತ್ತಿಗೆ ಇದ್ದಾರೆ" ಎಂದೆ.

"ಮತ್ತೆ ಅವರನ್ನ ಕರೀರಿ. ಅವರಿಗೆ ಹೇಳಿ ಹೋಗ್ತೀನಿ."

ಅವರು ಚೀಲ ಕೆಳಗಿಟ್ಟು ಹೊಸ್ತಿಲಾಚೆ ನಿಂತುಕೊಂಡರು. ನಾನು ಒಳಗೆ ತಿರುಗಿ, "ಅತ್ತಿಗೆ" ಎಂದು ಕರೆದೆ. ಅವರೂ ನನ್ನ ಜೊತೆಗೇ ಒಳಗಡೆ ನೋಡುತ್ತಾ ಕಾದರು.