ಎಲ್ಲ ಲವಣವೂ ಕ್ಲೋರೈಡ್ ಆದ ವರ್ಷ

ಕೆಮಿಸ್ಟ್ರಿಯಲ್ಲಿ ಪದವಿ ಸಿಗಬೇಕಾದರೆ ಏನೇನು ಬೇಕು ಎಂಬುದನ್ನು ಸುರಪುರದ ನಮ್ಮ ಕಾಲೇಜಿನ ಗೋಡೆಗೆ ಅಂಟಿಸಿದ್ದರು. ಹಾಜರಾತಿ ಇರಬೇಕು, ರೆಕಾರ್ಡ್ ಪುಸ್ತಕಕ್ಕೆ ಸಹಿ ಆಗಿರಬೇಕು, ಪ್ರಾಕ್ಟಿಕಲ್‌ನಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಅದರಲ್ಲಿ ಡುಮ್ಕಿ ಹೊಡೆದರೆ ಥಿಯರಿಯಲ್ಲಿ ಎಷ್ಟು ಅಂಕ ಬಂದರೂ ಅಷ್ಟೇ. ಜೊತೆಗೊಬ್ಬರು ಬೇಕು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ.

ಕೊನೆಯ ವರ್ಷಕ್ಕೆ ಒಂದೇ ಮುಖ್ಯ ವಿಷಯ ಆರಿಸಿಕೊಳ್ಳಬೇಕಿತ್ತು. ಗೆಳತಿಯರಲ್ಲಿ ಅರ್ಧ ಕಂಪ್ಯೂಟರಿಗೆ ಹೋದರು, ಇನ್ನರ್ಧ ಸಸ್ಯಶಾಸ್ತ್ರಕ್ಕೆ. ಕೆಮಿಸ್ಟ್ರಿಗೆ ಕೈ ಎತ್ತಿದವಳು ನಾನೊಬ್ಬಳೇ. ಊರಿಗೇ ಒಂದು ದಾರಿ ಆದರೆ ಎಡವಟ್ಟನಿಗೇ ಒಂದು ದಾರಿ ಎಂದು ಒಬ್ಬಳು ಕಾಡಿಸಿದಳು. ನನ್ನ ದಾರಿ ನಮ್ಮೂರು ಹುಣಸಗಿಗೆ ಹೋಗುತ್ತಿತ್ತು. ಅಲ್ಲಿ ಅಪ್ಪ ಇನ್ನೊಬ್ಬರ ಗೊಬ್ಬರದ ಅಂಗಡಿಯಲ್ಲಿ ದುಡಿಯುತ್ತಲೇ ತಲೆ ನೆರೆಸಿಕೊಂಡಿದ್ದ. ಸ್ವಂತ ಅಂಗಡಿ ಇಟ್ಟು ಬೆಳೆಗೆ ಹೊಡೆಯುವ ಔಷಧಿ ಮಾರಬೇಕೆಂದರೆ ಇಂಥದೊಂದು ಪದವಿ ಇದ್ದವರಿಗೇ ಪರವಾನಗಿ. ನಮ್ಮ ಮನೆಯಲ್ಲಿ ಓದಿದ್ದು ನಾನೊಬ್ಬಳೇ.

ಒಬ್ಬಳೇ ಇದ್ದೇನೆ ಎಂಬುದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ, ಹೆಣ್ಣುಹುಡುಗಿ ದಿನವಿಡೀ ಖಾಲಿ ಕೋಣೆಯಲ್ಲಿ ಏನು ಮಾಡುತ್ತಾಳೆ ಎಂಬ ಮಾತು ಬರುತ್ತಿತ್ತು, ಸುರಪುರದ ಬಸ್ಸು ಹತ್ತುವುದು ಅಲ್ಲಿಗೇ ನಿಲ್ಲುತ್ತಿತ್ತು. ಸಂಜೆ ಅವ್ವ ಗೆಳತಿಯರನ್ನು ವಿಚಾರಿಸಿದರೆ ಹಿಂದಿನ ವರ್ಷ ಜೊತೆಗಿದ್ದವರ ಸುದ್ದಿಯನ್ನೇ ಹೊಸದು ಮಾಡಿ ಹೇಳುತ್ತಿದ್ದೆ. ಒಮ್ಮೆ ಗೆಳತಿಯೊಬ್ಬಳ ಜೊತೆ ಇಲ್ಲದ ಜಗಳವನ್ನೂ ಹುಟ್ಟಿಸಿದೆ. ಪಾಪ, ಅವ್ವ ರಾಜಿ ಮಾಡಿಕೋ ಎಂದು ಬುದ್ಧಿ ಹೇಳಿದಳು.

ಲ್ಯಾಬಿನಲ್ಲಿ ಉದ್ದನೆಯ ಕಲ್ಲಿನ ಮೇಜುಗಳು, ಸೋರುವ ನಳ, ನಾನು. ಅತಿಥಿ ಉಪನ್ಯಾಸಕರು ಶಹಾಪುರದಲ್ಲೂ ಯಾದಗಿರಿಯಲ್ಲೂ ಕ್ಲಾಸು ಹಿಡಿದಿದ್ದರು. ಒಬ್ಬಳಿಗೋಸ್ಕರ ಎಷ್ಟು ಸಲ ಬಂದಾರು? ಕಾಗದದ ಪೊಟ್ಟಣಗಳಲ್ಲಿ ಹೆಸರಿಲ್ಲದ ಲವಣ ಕಟ್ಟಿಟ್ಟು ಹೋಗುತ್ತಿದ್ದರು. ಪೊಟ್ಟಣದಲ್ಲಿರುವುದು ಯಾವ ಲವಣ ಎಂದು ನಾನು ಕಂಡುಹಿಡಿಯಬೇಕು. ಅದನ್ನು ನೀರಲ್ಲಿ ಕರಗಿಸಿ, ಆ್ಯಸಿಡ್ ಬೆರೆಸಿ, ಸಿಲ್ವರ್ ನೈಟ್ರೇಟ್ ಹನಿ ಬಿಟ್ಟಾಗ ಬೆಳ್ಳಗಾದರೆ ಕ್ಲೋರೈಡ್. ಆ ವರ್ಷ ನನಗೆ ಬಂದದ್ದೆಲ್ಲ ಬೆಳ್ಳಗೇ ಆಯಿತು. ಕ್ಲೋರೈಡಿನ ಬೇರೆ ಪರೀಕ್ಷೆಗಳು ಅಲ್ಲ ಅನ್ನುತ್ತಿದ್ದವು, ಇದೊಂದು ಹೌದು ಅನ್ನುತ್ತಿತ್ತು. ಮೊದಲಾಗಿದ್ದರೆ ಪಕ್ಕದವಳ ಟೆಸ್ಟ್ ಟ್ಯೂಬಿಗೆ ಕಣ್ಣು ಹಾಯಿಸಿ ಸರಿ ಮಾಡಿಕೊಳ್ಳುತ್ತಿದ್ದೆ. ಈಗ ತಪ್ಪು ನನ್ನದೇ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಲ್ಯಾಬಿನ ಸಾಮಾನನ್ನು ದೂರುವುದಕ್ಕೂ ನಾಚಿಕೆ. ಎಷ್ಟೋ ಸಲ ಆ ಕಲ್ಲಿನ ಮೇಜಿಗೆ ತಲೆ ಆನಿಸಿ ಅತ್ತಿದ್ದೇನೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಯಾದಗಿರಿಯಿಂದ ವಯಸ್ಸಾದ ಮೇಡಂ ಒಬ್ಬರು ಬಂದರು. ಉಳಿದವರನ್ನು ಕರೆಯಿರಿ ಎಂದು ಲ್ಯಾಬಿನ ಕೆಲಸ ನೋಡುವ ಸಿಪಾಯಿ ಕಾಕಾನಿಗೆ ಹೇಳಿದರು. ಉಳಿದವರು ಯಾರೂ ಇಲ್ಲ ಎಂದ ಕಾಕಾ. ಮೇಡಂ ನನ್ನನ್ನೊಮ್ಮೆ ನೋಡಿ ಲವಣ ಕೊಟ್ಟರು.

ಮತ್ತೆ ಅದೇ ಹಾಡು. ಒಣ ಲವಣಕ್ಕೆ ಗಟ್ಟಿ ಆ್ಯಸಿಡ್ ಹಾಕಿದರೆ ಕ್ಲೋರೈಡಿನ ಘಾಟು ಹೊಗೆ ಏಳಬೇಕು, ಏಳಲಿಲ್ಲ. ಸಿಲ್ವರ್ ನೈಟ್ರೇಟ್ ಬಿಟ್ಟರೆ ಮಾತ್ರ ಬೆಳ್ಳಗಾಯಿತು. ಕ್ಲೋರೈಡ್ ಅಂತ ಬರೆದು ತಪ್ಪಿದರೆ ಅಪ್ಪ ಇನ್ನೊಂದು ವರ್ಷ ಪರರ ಅಂಗಡಿಯಲ್ಲೇ ಮೂಟೆ ಎತ್ತಬೇಕು. ಪೆನ್ನು ಹಿಡಿದು ನಿಂತುಬಿಟ್ಟೆ.

“ಯಾಕವ್ವಾ, ಸುಮ್ಮ ನಿಂತಿ?” ಮೇಡಂ ಹತ್ತಿರ ಬಂದರು.

“ಆ್ಯಸಿಡ್ ಹಾಕಿದ್ರ ಹೊಗಿ ಬರವಲ್ದ್ರಿ. ಇದರಾಗ ಮಾತ್ರ ಬೆಳ್ಳಗ ಆಗಾಕತ್ತೈತಿ.”

“ಉತ್ತರ ನಾ ಹೇಳಂಗಿಲ್ಲ. ಅದರಾಗ ಏನೇನ್ ಹಾಕಿದಿ, ಅದನ್ನ ನನಗ ಹೇಳು.”

ಲವಣ, ನೈಟ್ರಿಕ್ ಆ್ಯಸಿಡ್, ಸಿಲ್ವರ್ ನೈಟ್ರೇಟ್ ಎಂದು ಹೇಳುತ್ತ ಹೋದೆ. ನೀರು ಅಂದೆ. ವರ್ಷವಿಡೀ ನನ್ನೊಳಗೇ ಹೇಳಿಕೊಂಡಾಗ ನೀರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಲವಣವನ್ನೇ ಹಾಕದೆ ಬರೀ ನೀರಿಗೆ ಆ್ಯಸಿಡ್ ಬೆರೆಸಿ ಎರಡು ಹನಿ ಬಿಟ್ಟೆ. ಅದೂ ಬೆಳ್ಳಗಾಯಿತು. ಕ್ಲೋರೈಡ್ ಇದ್ದದ್ದು ನೀರಿನಲ್ಲೇ.

ನೀರು ಎಲ್ಲಿಯದೆಂದು ಕಾಕಾನನ್ನು ಕೇಳಿದರೆ ಅವನಿಗೆ ಹೆಮ್ಮೆ. ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ನೀರು ಎಂದೋ ತೀರಿತ್ತಂತೆ. ಹುಡುಗಿಗೆ ತೊಂದರೆ ಆಗಬಾರದೆಂದು ತಾನೇ ಆ ಕ್ಯಾನಿಗೆ ಫಿಲ್ಟರ್ ನೀರು ತುಂಬಿಸುತ್ತ ಬಂದಿದ್ದನಂತೆ. “ನಮ್ಮ ಮನ್ಯಾಗೂ ಇದನ್ನ ಕುಡಿತೇವ್ರಿ” ಎಂದ. ಸಿಟ್ಟು ಬಂದರೂ ಯಾರ ಮೇಲೆ ಮಾಡಲಿ? ವರ್ಷವಿಡೀ ನನಗೆ ತೊಂದರೆ ಆಗಬಾರದು ಅಂದುಕೊಂಡವನು ಅವನೊಬ್ಬನೇ.

ಮೇಡಂ ಅವನನ್ನೇ ಬಸ್ ಸ್ಟ್ಯಾಂಡಿನ ಕಡೆಗೆ ಕಳಿಸಿ ಸೀಲು ಒಡೆಯದ ಡಿಸ್ಟಿಲ್ಡ್ ನೀರು ತರಿಸಿದರು. ಅವನು ಬರುವವರೆಗೆ ಅವರು ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಮನೆ, ಬಸ್ಸು, ಊಟ ಎಲ್ಲ ಕೇಳಿದರು. ಪರೀಕ್ಷೆಯ ಭಯದ ನಡುವೆಯೂ ಕಾಕಾ ಸ್ವಲ್ಪ ತಡವಾಗಿ ಬರಲಿ ಎಂದು ನನಗೆ ಅನ್ನಿಸುತ್ತಿತ್ತು. ಆ ಮೇಜಿನಲ್ಲಿ ಆ ವರ್ಷ ನನ್ನೆದುರು ಯಾರೂ ಕೂತಿರಲಿಲ್ಲ.

ಹೊಸ ನೀರಿನಲ್ಲಿ ಕರಗಿಸಿದ ಲವಣಕ್ಕೆ ಸಿಲ್ವರ್ ನೈಟ್ರೇಟ್ ಬಿಟ್ಟರೆ ಏನೂ ಆಗಲಿಲ್ಲ. ಸಲ್ಫೇಟ್ ಗುರುತಿಸುವ ಬೇರಿಯಂ ಹನಿ ಬಿಟ್ಟಾಗ ಬೆಳ್ಳಗಾಯಿತು. ಅದು ಸಲ್ಫೇಟ್. ಬರೆದು ಕೊಟ್ಟೆ. ಮೇಡಂ ಸರಿ ಗುರುತು ಹಾಕಿ, ಚೀಲ ಹೆಗಲಿಗೇರಿಸಿ ಯಾದಗಿರಿ ಬಸ್ಸಿಗೆ ಹೊರಟುಹೋದರು.

ನಾನು ಹುಣಸಗಿ ಬಸ್ಸಿನಲ್ಲಿ ಕೂತಾಗ ಅಪ್ಪನ ಫೋನು ಬಂತು. ಪಾಸಾಗುತ್ತೇನೆ, ಅಂಗಡಿಗೆ ಜಾಗ ನೋಡು ಎಂದೆ. ನಾಳೆಯೇ ನೋಡುತ್ತೇನೆ ಎಂದ ಅಪ್ಪ. ಆಮೇಲೆ ಕೇಳಿದ, “ನಿನ್ನ ಗೆಳತ್ಯಾರೂ ಚೊಲೊ ಮಾಡ್ಯಾರೇನವ್ವಾ?”

“ಹೌದಪ್ಪಾ, ಎಲ್ಲಾರೂ ಚೊಲೊ ಮಾಡೀವಿ” ಎಂದೆ.