ಮೊಣಕಾಲಿನೊಳಗಿನ ಬತ್ತಿ

ಎಡಗಾಲಿನ ಮೊಣಕಾಲು ಊದಿಕೊಂಡು ನಾನು ಮಗ್ಗ ಬಿಟ್ಟಿದ್ದೆ, ಅದು ಕೀವಾಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಮೊಳಕಾಲ್ಮೂರಿನ ನಮ್ಮ ಕೇರಿಯಲ್ಲಿ ಕಾಲು ಮಡಚಲಾಗದವನು ರೇಷ್ಮೆ ಸೀರೆ ನೇಯಲಾರ. ಮಗ್ಗದ ಕೆಳಗೆ ನೆಲದಲ್ಲಿ ಅಗೆದ ಗುಂಡಿಯ ಅಂಚಿಗೆ ಕೂತು, ಎರಡೂ ಕಾಲನ್ನು ಒಳಗೆ ಇಳಿಬಿಟ್ಟು, ತಳದಲ್ಲಿರುವ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿರಬೇಕು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಸೊಪ್ಪಿನ ಕಟ್ಟು, ಹರಕೆ ಎಲ್ಲ ಮುಗಿದ ಮೇಲೆ ನನ್ನ ಹೆಂಡತಿ ಯಾರ ಮಾತಿಗೂ ಕಾಯದೆ ಗಾಡಿ ಕಟ್ಟಿಸಿ, ಹುಲ್ಲಿನ ಮೇಲೆ ಮಲಗಿಸಿಕೊಂಡು ಚಳ್ಳಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ನನ್ನದು ಮೊದಲಿನಿಂದಲೂ ಅನುಮಾನದ ಸ್ವಭಾವ. ಮೊಣಕಾಲು ಕೊಯ್ಯುವ ಮೊದಲು ಡಾಕ್ಟರು ಮೂಗಿಗೆ ಔಷಧಿಯ ಬಟ್ಟೆ ಹಿಡಿದು, ಎಣಿಸು ಎಂದರು. ಎಂಟಕ್ಕೆ ಬರುವಷ್ಟರಲ್ಲಿ ಎಚ್ಚರ ತಪ್ಪಿತು. ಎಚ್ಚರವಿಲ್ಲದ ಹೊತ್ತಿನಲ್ಲಿ ಏನು ಮಾಡಿದರೋ ಎಂಬುದೇ ನನ್ನ ಮೊದಲ ಸಂಶಯ. ಮರುದಿನ ಕಂಪೌಂಡರ್ ಕಟ್ಟು ಬಿಚ್ಚಿದಾಗ ಅದು ಇನ್ನೂ ಬಲವಾಯಿತು. ಗಾಯದ ಬಾಯಿಂದ ಅರಿವೆಯ ತುದಿಯೊಂದು ಹೊರಗೆ ಇಣುಕುತ್ತಿತ್ತು.

"ಅದು ಬತ್ತಿ. ಕೀವು ಹರಿದು ಹೋಗ್ಲಿ ಅಂತ ಡಾಕ್ಟರು ಇಟ್ಟವ್ರೆ," ಎಂದ ಕಂಪೌಂಡರ್. "ಮುಟ್ಟಿದೆ ಅಂದ್ರೆ ಅವತ್ತೇ ನಿನ್ನ ಗಾಡಿ ಹತ್ತಿಸಿ ಊರಿಗೆ ಕಳಿಸ್ತಾರೆ."

ಪಕ್ಕದ ಮಂಚದಲ್ಲಿ ತಳಕಿನ ಕಡೆಯ ಮುದುಕನೊಬ್ಬನಿದ್ದ, ಕಂಬಳಿ ನೇಯುವವನು. ಕಂಪೌಂಡರ್ ಆಚೆ ಹೋದದ್ದೇ ತಡ, ನನ್ನ ಕಡೆ ಹೊರಳಿದ. "ಒಳಗೆ ಅರಿವೆ ಮರೆತವ್ರೆ ಕಣಲೇ. ಈಗ ಬತ್ತಿ ಅಂತಾರೆ. ನೀನೂ ನೇಯೋನು, ನೀನೇ ಹೇಳು. ಎಳೆ ಹೊರಗೆ ನೇತಾಡ್ತಿದ್ರೆ ಕೆಲಸ ಮುಗಿದೈತೆ ಅಂತಾರೇನು?"

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ನೇಯುವವನ ಕಣ್ಣಿಗೆ ಹೊರಗೆ ಜೋತುಬಿದ್ದ ಎಳೆ ಎಂದರೆ ಯಾರೋ ಮಾಡಿದ ತಪ್ಪು. ಹೆಂಡತಿಗೆ ಹೇಳಿದೆ. "ಆ ಅಜ್ಜ ಕುರಿ ಉಣ್ಣೆ ಬಲ್ಲ, ಮೊಣಕಾಲು ಬಲ್ಲನಾ? ಸುಮ್ಕೆ ಮಲಗ್ರಿ," ಎಂದಳು. ಆದರೆ ಅವಳ ನಡೆಯೂ ನೆಟ್ಟಗಿರಲಿಲ್ಲ. ದಿನಾ ಮಧ್ಯಾಹ್ನ ಕಂಪೌಂಡರನ ಜೊತೆ ಹಿಂದಿನ ಪಡಸಾಲೆಗೆ ಹೋಗುವಳು. ಪಿಸುಮಾತು ಕೇಳಿಸುವುದು. ಬಂದ ಮೇಲೆ ಅವಳ ಕೈಯಲ್ಲಿ ಆಸ್ಪತ್ರೆಯ ಔಷಧಿಯ ವಾಸನೆ. ಏನೆಂದು ಕೇಳಿದರೆ, "ಏನಿಲ್ರಿ." ಇವರಿಬ್ಬರಿಗೂ ಆ ತಪ್ಪು ಗೊತ್ತಿದೆ, ನನಗೆ ಮಾತ್ರ ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಕಟ್ಟು ಸಡಿಲಿಸಿ ತುದಿಯನ್ನು ಹಿಡಿದು ಎಳೆದೆ. ಗೇಣುದ್ದ ಬಂತು. ಅದನ್ನು ಕಿಟಕಿಯಾಚೆಯ ಮುಳ್ಳಿನ ಪೊದೆಗೆ ಎಸೆದು, ಕಟ್ಟನ್ನು ಮೊದಲಿನಂತೆ ಸುತ್ತಿದೆ. ಮುದುಕ ನೋಡಿ ತಲೆಯಾಡಿಸಿದ. ನನಗೆ ಎಂಥದೋ ಹೆಮ್ಮೆ.

ಕಟ್ಟು ಬಿಚ್ಚುತ್ತಿದ್ದದ್ದು ಮೂರು ದಿನಕ್ಕೊಮ್ಮೆ. ಅಷ್ಟರಲ್ಲಿ ಗಾಯದ ಬಾಯಿ ಮೇಲೆ ಮೇಲೆ ಕೂಡಿಕೊಂಡಿತ್ತು, ಒಳಗೆ ಕೀವು ತುಂಬಿತ್ತು, ಮೈ ಕೆಂಡವಾಗಿತ್ತು. ಡಾಕ್ಟರು ಮೊಣಕಾಲು ಒತ್ತಿ ನೋಡಿ ಕೇಳಿದರು, "ಬತ್ತಿ ತೆಗೆದವರು ಯಾರು?"

ಮುದುಕ ಗೋಡೆಯ ಕಡೆ ತಿರುಗಿ ಮಲಗಿದ. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು, "ನಾನೇ ಸ್ವಾಮಿ. ತಿಳೀದೆ ತೆಗೆದೆ," ಎಂದಳು.

"ಗಂಡನ ಕಾಲನ್ನು ನೀನೇ ಕೆಡಿಸಿದೆಯಲ್ಲಮ್ಮ," ಎಂದು ಡಾಕ್ಟರು ಹತ್ತು ಜನರ ಎದುರು ಬೈದರು. ಅವಳು ನೆಲ ನೋಡುತ್ತ ನಿಂತಿದ್ದಳು. ನಾನು ಸೂರು ನೋಡುತ್ತ ಮಲಗಿದ್ದೆ. ಎರಡನೆಯ ಸಲ ಇನ್ನೂ ಆಳವಾಗಿ ಕೊಯ್ದರು. ಕಾಲು ಉಳಿಯುತ್ತದೆ, ಮಡಚುವುದು ಮಾತ್ರ ಹೇಳಲಾಗದು ಎಂದರು.

ಊರಿಗೆ ಬಂದ ಮೇಲೆ ದಿನಾ ಗಾಯ ತೊಳೆದು, ಬತ್ತಿ ಬದಲಿಸಿ, ಕಟ್ಟು ಕಟ್ಟಿದವಳು ಅವಳೇ. ಹಿಂದಿನ ಪಡಸಾಲೆಯಲ್ಲಿ ಏನು ಕಲಿಯುತ್ತಿದ್ದಳೆಂದು ಆಗ ತಿಳಿಯಿತು. ನಾಚಿಕೆಯಾಗಬೇಕಿತ್ತು. ಆದರೆ ನನಗೆ ಹೊಸ ಅನುಮಾನ ಹತ್ತಿತು. ಮಾಡದ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡದ್ದೇಕೆ? ಕಿತ್ತವನು ನಾನೆಂದು ಇವಳಿಗೆ ಗೊತ್ತಿದೆಯೋ? ಗೊತ್ತಿದ್ದರೆ ಯಾವತ್ತು ಎತ್ತಿ ಆಡಲೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ? ರೊಟ್ಟಿ ಬಡಿಸುವಾಗ ಅವಳ ಮುಖ ನೋಡುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಗಾಯ ಒಣಗಿದ ಮೇಲೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮಡಚಿಸುವಳು. ನೋವಿಗೆ ನಾನು ಬಾಯಿಗೆ ಬಂದಂತೆ ಬೈಯುವೆ. "ಬೈರಿ. ಬೈಕೊಂತಾನೇ ಮಡಚ್ರಿ," ಎನ್ನುವಳು. ಮೂರು ತಿಂಗಳಾದರೂ ಕಾಲು ಚೂರು ಬಾಗಿ ಅಲ್ಲಿಗೇ ನಿಂತಿತು.

ಒಂದು ದಿನ ಬೆಳಿಗ್ಗೆ ಮಗ್ಗದ ಕಡೆಯಿಂದ ಹಾರೆಯ ಸದ್ದು. ಕೋಲೂರಿಕೊಂಡು ಹೋದರೆ ಅವಳು ಗುಂಡಿಯೊಳಗೆ ಇಳಿದಿದ್ದಾಳೆ, ಸುತ್ತ ಮಣ್ಣು. ನಮ್ಮವರು ಗುಂಡಿ ಮುಚ್ಚುವುದು ಆ ಮನೆಯಲ್ಲಿ ಇನ್ನು ನೇಯುವವರಿಲ್ಲ ಎಂದಾಗ.

"ಯಾರ್ನ ಕೇಳಿ ಮುಚ್ತಿದೀಯಾ?"

"ಮುಚ್ಚೋರು ಮಣ್ಣು ಒಳಗೆ ಹಾಕ್ತಾರೆ. ನಾನು ಹೊರಗೆ ಹಾಕ್ತಿದೀನಿ, ನೋಡ್ರಿ."

ನೋಡಿದೆ. ಗುಂಡಿಯ ಎಡಗಡೆ ಉದ್ದಕ್ಕೆ, ಇಳಿಜಾರಾಗಿ, ಒಂದು ಕಾಲು ಚಾಚುವಷ್ಟು ಅಗಲಕ್ಕೆ ಕಡಿಯುತ್ತಿದ್ದಳು.

"ಎಡಗಾಲು ಇದ್ರಾಗೆ ಚಾಚ್ರಿ. ಎರಡೂ ಹಲಗೆ ಬಲಗಾಲಾಗೇ ತುಳೀರಿ. ನಿಧಾನ ಆಗ್ತೈತೆ, ಆಗ್ಲಿ."

ನಾನು ಅಂಚಿಗೆ ಕುಸಿದು ಕೂತೆ. "ಆ ಬತ್ತಿ ಕಿತ್ತೋನು ನಾನು," ಎಂದೆ.

ಅವಳು ಹಾರೆ ನಿಲ್ಲಿಸಲಿಲ್ಲ. "ಗೊತ್ತೈತೆ. ಅವತ್ತು ಡಾಕ್ಟರು ಕೇಳಿದಾಗ ನೋಡ್ದೆ, ನಿಮ್ಮ ಉಗುರಾಗೆ ಕೀವು ಒಣಗಿತ್ತು."

"ಮತ್ತೆ ಅಷ್ಟು ಜನದ ಮುಂದೆ ಯಾಕೆ ಬೈಸ್ಕೊಂಡೆ?"

"ನಿಮ್ಮ ಹೆಸರು ಹೇಳಿದ್ರೆ ಅವ್ರು ಹೊರಗೆ ಹಾಕಿದ್ರೆ ಏನ್ಮಾಡ್ಲಿ? ಬೈಸ್ಕೊಂಡ್ರೆ ನನ್ನ ಮೊಣಕಾಲೇನು ಊದ್ಕೊಂತಿತ್ತಾ? ಆಚೆ ಸರೀರಿ, ಮಣ್ಣು ಬೀಳ್ತೈತೆ."

ಮಧ್ಯಾಹ್ನ ನನ್ನ ಕಂಕುಳಿಗೆ ಕೈಕೊಟ್ಟು ಇಳಿಸಿದಳು. ಎಡಗಾಲು ಹೊಸ ಜಾಗದಲ್ಲಿ ಚಾಚಿ ಮಲಗಿತು. ಬಲಗಾಲು ಎರಡನೆಯ ಹಲಗೆಯನ್ನು ತಡಕಿ ಎರಡು ಸಲ ತಪ್ಪಿತು, ಮೂರನೆಯ ಸಲ ಸಿಕ್ಕಿತು. ಎಳೆಗಳು ಮೇಲೂ ಕೆಳಗೂ ಸರಿದು ಬಾಯಿ ಬಿಟ್ಟವು, ನಡುವೆ ಲಾಳಿ ಓಡಿತು. ಹೊತ್ತು ಇಳಿಯುವ ವೇಳೆಗೆ ನಾಲ್ಕು ಬೆರಳಿನಷ್ಟು ಬಟ್ಟೆಯಾಗಿತ್ತು. ಅವಳು ಬಗ್ಗಿ, ಅದರ ಮೇಲೆ ಬೆರಳಾಡಿಸಿ ನೋಡಿದಳು.

"ಅಂಚು ಸೊಟ್ಟ ಐತೆ," ಎಂದಳು. "ಬಿಚ್ಚಿ ಮತ್ತೆ ನೇಯ್ರಿ."

ಬಿಚ್ಚತೊಡಗಿದೆ.