ಮೊದಲ ಭಾಗದ ಶಿವಮಲ್ಲು

ಒಂಟಿಕೊಪ್ಪಲಿನ ಶಿವಮಲ್ಲು ಅವರಿಗೆ ಯಾವ ವಿಡಿಯೊ ಗೇಮಿನ ಎರಡನೇ ಭಾಗವನ್ನೂ ಹೊಗಳಿ ಗೊತ್ತಿಲ್ಲ, ಆದರೆ ಆಡದೆ ತೆಗಳುವವರೂ ಅಲ್ಲ. ಅಲೆಮಾರಿ ಯೋಧನ ಪಾತ್ರ ವಹಿಸಿ ಊರೂರು ತಿರುಗುವ ಆಟವೊಂದರ ಮೊದಲ ಭಾಗವನ್ನು ಅವರು ಆರು ಸಲ ಮುಗಿಸಿದ್ದಾರೆ. ಎರಡನೆಯದು ಬಂದ ದಿನ ತಾವು ಕೆಲಸ ಮಾಡುವ ಕಾಲೇಜಿನ ಲ್ಯಾಬಿಗೆ ರಜೆ ಹಾಕಿ, ಸ್ನಾನ ಮಾಡಿ, ಕಂಪ್ಯೂಟರಿಗೆ ಊದುಬತ್ತಿ ಬೆಳಗಿಯೇ ಕೂತರು. ಮೂರೇ ದಿನಕ್ಕೆ ಹೆಂಡತಿಯ ಮುಂದೆ ತೀರ್ಪು ಹೊರಬಿತ್ತು: "ಮ್ಯಾಪು ಹತ್ತು ಪಟ್ಟು ದೊಡ್ದು ಮಾಡ್ಬುಟ್ಟವ್ರೆ ಕಣೇ, ಒಬ್ರೂ ಸರಿಯಾಗಿ ಮಾತಾಡ್ಸೋರಿಲ್ಲ." ಅಂದಿನಿಂದ ಸಿಕ್ಕವರಿಗೆಲ್ಲ ಅದರ ದೋಷಗಳನ್ನು ಸಂಖ್ಯೆ ಸಮೇತ ಒಪ್ಪಿಸುತ್ತಾರೆ, ಹಲ್ಲಿನ ಡಾಕ್ಟರು ಬಾಯಿಗೆ ಇಕ್ಕಳ ಹಾಕಿದಾಗ ಮಾತ್ರ ಪಟ್ಟಿ ಹದಿನೇಳಕ್ಕೆ ನಿಂತಿತ್ತು. "ಅಷ್ಟು ಕೆಟ್ಟದಾಗಿದ್ರೆ ತೆಗ್ದಾಕ್ಬುಡಿ ಅತ್ಲಾಗೆ" ಎನ್ನುತ್ತಾರೆ ಹೆಂಡತಿ ದಾಕ್ಷಾಯಿಣಿ. ಶಿವಮಲ್ಲು ತೆಗೆಯುವುದಿಲ್ಲ, ದಿನಾ ಸಂಜೆ ಒಂದು ಗಂಟೆ ಆಡಿಯೇ ಆಡುತ್ತಾರೆ. ಒಮ್ಮೆ ಕಾಫಿ ಕೊಡಲು ಹೋದ ದಾಕ್ಷಾಯಿಣಿ ನೋಡುತ್ತಾರೆ, ಗಂಡ ಕಾಳಗವನ್ನೆಲ್ಲ ಬಿಟ್ಟು ಪರದೆಯ ಮೇಲಿನ ಒಂದೊಂದೇ ಮನೆಯ ಬಾಗಿಲು ತಟ್ಟುತ್ತಿದ್ದಾರೆ, ತಟ್ಟಿದ ಮನೆಗೆ ಗ್ರಾಫ್ ಹಾಳೆಯಲ್ಲಿ ಗುರುತು ಹಾಕುತ್ತಿದ್ದಾರೆ. "ಯಾರನ್ನ್ರೀ ಹುಡುಕ್ತಿರೋದು?" "ಮೊದಲ್ನೇದ್ರಲ್ಲಿ ರೊಟ್ಟಿ ಕೊಡ್ತಿದ್ದ ಅಜ್ಜಿ ಕಣೇ. ಆ ಊರು ಬಿಡೋವಾಗ ಆರು ಸಲಾನೂ 'ಬತ್ತೀನಜ್ಜಿ' ಅಂತಲೇ ಹೇಳಿದ್ದೆ. ಒಂದು ಸಲಾನೂ 'ಹೋಗ್ತೀನಿ' ಅಂದಿಲ್ಲ." ನಗಲೆಂದು ಬಾಯಿ ತೆರೆದ ದಾಕ್ಷಾಯಿಣಿ ನಗಲಿಲ್ಲ. ಲೋಟ ಇಟ್ಟು, ಕುರ್ಚಿ ಎಳೆದುಕೊಂಡು, ಗ್ರಾಫ್ ಹಾಳೆಯ ಮೇಲೆ ಬೆರಳಿಟ್ಟರು: "ಈ ಮೂಲೆ ಮನೇನ ನೀವಿನ್ನೂ ತಟ್ಟಿಲ್ಲ ನೋಡಿ."